‘ಕಡಲ್ಗಳ್ಳರು’ ಅಂತ ಹೆಸರಿಟ್ಟವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ದುಬೈ, ಶಾರ್ಜಾ ಬೆಳೆದ ಕಥೆ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅರಬ್ ಕಡಲ್ಗಳ್ಳರನ್ನು ಲಂಡನ್ನಿನ ಅಧಿಕಾರಿಗಳು ಬಗ್ಗುಬಡಿದು ಆ ಕರಾವಳಿಗೆ ಶಾಂತಿ ತಂದರಂತೆ. ನಾನು ಹತ್ತೊಂಬತ್ತು ವರ್ಷ ಶಾರ್ಜಾದಲ್ಲಿ ಲೆಕ್ಕ ಬರೆದು ಊರಿಗೆ ಮರಳಿದವನು. ಒಬ್ಬರೇ ಬರೆದುಕೊಟ್ಟ ವೋಚರ್ ನಂಬಿ ಸಹಿ ಹಾಕುವುದು ನಮ್ಮ ಕಸುಬಿಗೆ ಆಗಿಬರುವುದಿಲ್ಲ.

ಮೊದಲು ಆ ಲಂಡನ್ ಅನ್ನುವುದನ್ನು ಸರಿಪಡಿಸಬೇಕು. ಆ ಕಾಲದಲ್ಲಿ ಆ ಕಡಲಿನ ವ್ಯವಹಾರವೆಲ್ಲ ನಡೆದದ್ದು ಬೊಂಬಾಯಿಯಿಂದ. ಪರ್ಶಿಯಾದ ಬುಶೇರ್ ಬಂದರಿನಲ್ಲಿ ಕೂತಿದ್ದ ರೆಸಿಡೆಂಟ್, ಅಂದರೆ ಕೊಲ್ಲಿಯಲ್ಲಿ ಬ್ರಿಟಿಷರ ಪ್ರತಿನಿಧಿ, 1873ರವರೆಗೆ ಬೊಂಬಾಯಿ ಸರ್ಕಾರದ ಕೈಕೆಳಗಿದ್ದ. ಆಮೇಲೆ 1947ರವರೆಗೆ ಭಾರತ ಸರ್ಕಾರದ ಕೈಕೆಳಗೆ. ದುಡ್ಡಿನ ಮಾತೂ ರೂಪಾಯಿಯಲ್ಲೇ. 1899ರಲ್ಲಿ ಕುವೈತಿನ ಶೇಖ್ ಮುಬಾರಕ್ ಬ್ರಿಟಿಷರ ಜೊತೆ ಗುಟ್ಟಾಗಿ ಮಾಡಿಕೊಂಡ ಒಪ್ಪಂದಕ್ಕೆ ಸಿಕ್ಕಿದ್ದು 15,000 ರೂಪಾಯಿ. 1932ರಲ್ಲಿ ಇಂಪೀರಿಯಲ್ ಏರ್‌ವೇಸ್ ವಿಮಾನ ಇಳಿಯಲು ಶಾರ್ಜಾ ಜಾಗ ಕೊಟ್ಟಿತು. ತಿಂಗಳಿಗೆ 800 ರೂಪಾಯಿ ಬಾಡಿಗೆ, ಅದರ ಮೇಲೆ ಶೇಖರ ಕೈಗೆ 500. ಆ ಹಳೇ ವಿಮಾನ ನಿಲ್ದಾಣ ಈಗ ಮ್ಯೂಸಿಯಂ. ಊರಿಂದ ಯಾರಾದರೂ ಬಂದರೆ ಶುಕ್ರವಾರ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಸ್ವಾತಂತ್ರ್ಯ ಬಂದ ಮೇಲೂ ಅಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಆ ಕರಾವಳಿಗೆಂದೇ ಬೇರೆ ನೋಟು ಅಚ್ಚು ಹಾಕಿತು.

ಇನ್ನು ಕಡಲ್ಗಳ್ಳರ ವಿಷಯ. ಶಾರ್ಜಾ ಮತ್ತು ರಾಸ್ ಅಲ್ ಖೈಮಾದ ಖವಾಸಿಮ್ ಮನೆತನದವರು ಹಡಗು ಹಿಡಿಯಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹಿಡಿದಿದ್ದಾರೆ. ಅವರಿಗೂ ಮಸ್ಕತ್ತಿನ ಸುಲ್ತಾನರಿಗೂ ಹಳೇ ಜಗಳ. ಈಸ್ಟ್ ಇಂಡಿಯಾ ಕಂಪನಿ ಮಸ್ಕತ್ತಿನ ಪಕ್ಷ ಹಿಡಿಯಿತು. ಜಗಳದಲ್ಲಿ ಒಂದು ಕಡೆ ಸೇರಿಕೊಂಡವರು ಎದುರಿನವರನ್ನು ಕಳ್ಳರು ಅನ್ನುವುದು ಹೊಸತೇನಲ್ಲ ಅಲ್ವಾ? 1809ರಲ್ಲಿ ಒಮ್ಮೆ, 1819ರಲ್ಲಿ ಮತ್ತೊಮ್ಮೆ ಬೊಂಬಾಯಿಯಿಂದ ಸೈನ್ಯ ಹೋಯಿತು. ಎರಡನೇ ಸಲ ಮೇಜರ್ ಜನರಲ್ ಗ್ರಾಂಟ್ ಕೀರ್ ಜೊತೆ ಸುಮಾರು 3,000 ಜನ, ನಮ್ಮ ಸಿಪಾಯಿಗಳೂ ಸೇರಿ. ರಾಸ್ ಅಲ್ ಖೈಮಾ ಬಿತ್ತು. ಹಡಗುಗಳು ಸುಟ್ಟುಹೋದವು. 1820ರ ಜನವರಿಯಲ್ಲಿ ಶೇಖರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು.

ಆ ಒಪ್ಪಂದ ಓದಿದರೆ ಮಜಾ ಇದೆ. ಒಂದು ಸರ್ಕಾರ ಇನ್ನೊಂದು ಸರ್ಕಾರದ ಮೇಲೆ ಸಾರಿ, ಒಪ್ಪಿಕೊಂಡು ಮಾಡಿದರೆ ಯುದ್ಧ. ಇಲ್ಲದಿದ್ದರೆ ಲೂಟಿ. ಆದರೆ ಯಾವುದು ಯುದ್ಧ, ಯಾವುದು ಲೂಟಿ ಎಂದು ತೂಗುವ ತಕ್ಕಡಿ ಕಂಪನಿಯ ಕೈಯಲ್ಲಿ. ಮನುಷ್ಯರನ್ನು ಹಿಡಿದು ಗುಲಾಮರಾಗಿ ಸಾಗಿಸುವುದೂ ಲೂಟಿಯೇ ಎಂಬ ಮಾತು ಅದರಲ್ಲಿತ್ತು. ಅದು ಒಳ್ಳೆಯದೇ. ಒಪ್ಪಿದವರು ಹಾರಿಸಬೇಕಾದ ಬಾವುಟ ಹೇಗಿರಬೇಕೆಂದೂ ಬರೆದಿದ್ದರು: ಕೆಂಪು ಬಟ್ಟೆ, ಸುತ್ತ ಬಿಳಿ ಅಂಚು. ಶಾರ್ಜಾ ಮತ್ತು ರಾಸ್ ಅಲ್ ಖೈಮಾದ ಬಾವುಟ ಇವತ್ತಿಗೂ ಅದೇ. ದಿನಾ ಆಫೀಸಿಗೆ ಹೋಗುವಾಗ ಅದನ್ನು ನೋಡುತ್ತಿದ್ದೆ. ಎಷ್ಟೋ ವರ್ಷ ಸುಮ್ನೆ ಚೆಂದದ ಬಾವುಟ ಅಂದುಕೊಂಡಿದ್ದೆ! ಖವಾಸಿಮ್ ಮನೆತನದವರೇ ಆದ ಶಾರ್ಜಾದ ಆಡಳಿತಗಾರರು ಈ ಕಡಲ್ಗಳ್ಳತನದ ಆರೋಪವನ್ನು ಅಲ್ಲಗಳೆದು ಪುಸ್ತಕವನ್ನೇ ಬರೆದಿದ್ದಾರೆ. ಅವರ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆದರೆ ಹಾಗೊಂದು ವಾದ ಇದೆ ಅನ್ನುವುದಾದರೂ ನಿಮ್ಮ ಲೇಖನದಲ್ಲಿ ಬರಬೇಕಿತ್ತು.

ಶೇಖರು ಬರೀ ಮೋಸ ಹೋದವರು ಅಂತಲೂ ಅಲ್ಲ. 1835ರಲ್ಲಿ ರೆಸಿಡೆನ್ಸಿಯ ಹೆನ್ನೆಲ್ ಒಂದು ಉಪಾಯ ಹೇಳಿದ. ಮುತ್ತು ತೆಗೆಯುವ ತಿಂಗಳುಗಳಲ್ಲಿ ಕಡಲಲ್ಲಿ ಯಾರೂ ಜಗಳ ಮಾಡಬಾರದು, ಅಷ್ಟೇ. ಇದು ಎಲ್ಲರಿಗೂ ಬೇಕಿತ್ತು. ಇಡೀ ಕರಾವಳಿಯ ಹೊಟ್ಟೆ ತುಂಬುತ್ತಿದ್ದದ್ದು ಮುತ್ತಿನಿಂದ. ವರ್ಷವರ್ಷ ಮುಂದುವರಿಸಿದರು, 1843ರಲ್ಲಿ ಹತ್ತು ವರ್ಷಕ್ಕೆ ಮಾಡಿದರು, 1853ರಲ್ಲಿ ಕಾಯಂ ಮಾಡಿದರು. ಈ ಕದನವಿರಾಮದಿಂದಲೇ (ಇಂಗ್ಲಿಷಿನಲ್ಲಿ ‘ಟ್ರೂಸ್’) ಆ ಕರಾವಳಿಗೆ ‘ಟ್ರೂಶಿಯಲ್’ ಎಂಬ ಹೆಸರು ಬಂತು. ಕುವೈತಿನ ಮುಬಾರಕ್ ಕೂಡ ತುರ್ಕಿಯವರನ್ನು ದೂರ ಇಡಲು ತಾನಾಗಿಯೇ ಬ್ರಿಟಿಷರನ್ನು ಹುಡುಕಿಕೊಂಡು ಹೋದವನು.

ಆದರೆ ಬೆಲೆ? ಅದು ಟ್ರೂಶಿಯಲ್ ಕರಾವಳಿಯ ಶೇಖರು ಸಹಿ ಹಾಕಿದ 1892ರ ಒಪ್ಪಂದದಲ್ಲಿದೆ. ಬ್ರಿಟಿಷರನ್ನು ಬಿಟ್ಟು ಬೇರೆ ಯಾರ ಜೊತೆಗೂ ಒಪ್ಪಂದ ಇಲ್ಲ, ಪತ್ರ ವ್ಯವಹಾರ ಇಲ್ಲ. ಬ್ರಿಟಿಷರ ಒಪ್ಪಿಗೆ ಇಲ್ಲದೆ ಬೇರೆ ಸರ್ಕಾರದ ಏಜೆಂಟ್ ಅಲ್ಲಿ ಇರಬಾರದು. ತಮ್ಮ ನೆಲವನ್ನು ಬೇರೆಯವರಿಗೆ ಮಾರುವಂತಿಲ್ಲ, ಅಡ ಇಡುವಂತಿಲ್ಲ. ನಮ್ಮವರಿಗೆ ಇದು ಗೊತ್ತಿಲ್ಲದ ಷರತ್ತೇ? 1799ರಲ್ಲಿ ಟಿಪ್ಪು ಸತ್ತ ಮೇಲೆ ಇನ್ನೂ ಮಗುವಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಲ್ಲಿ ಬರೆಸಿಕೊಂಡ ಒಪ್ಪಂದದಲ್ಲಿ ಇದೇ ಇತ್ತು. ಕಂಪನಿಗೆ ತಿಳಿಸದೆ ಹೊರಗಿನ ರಾಜ್ಯಗಳ ಜೊತೆ ಮಾತುಕತೆ ಕೂಡದು. ಶ್ರೀರಂಗಪಟ್ಟಣದಲ್ಲಿ ಹೊಲಿದ ಅಂಗಿಯನ್ನೇ 93 ವರ್ಷ ಬಿಟ್ಟು ಅಬುಧಾಬಿಯ ಶೇಖರಿಗೂ ತೊಡಿಸಿದರು.

ಟಿಪ್ಪುವಿಗೂ ಮಸ್ಕತ್ತಿಗೂ ಇದ್ದ ನಂಟು ನಮ್ಮ ಮಕ್ಕಳ ಪಾಠದಲ್ಲಿ ನನಗೆ ಕಂಡಿಲ್ಲ. ಮಸ್ಕತ್ತಿನಲ್ಲಿ ಅವನ ವ್ಯಾಪಾರದ ಕೋಠಿ ಇತ್ತು. ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ ವರ್ಷವೇ, 1798ರ ಅಕ್ಟೋಬರಿನಲ್ಲಿ, ಕಂಪನಿ ಮಸ್ಕತ್ತಿನ ಸಯ್ಯಿದ್ ಸುಲ್ತಾನನಿಂದ ‘ಕೌಲ್‌ನಾಮಾ’ ಎಂಬ ಒಪ್ಪಂದಪತ್ರ ಬರೆಸಿಕೊಂಡಿತು. ಫ್ರೆಂಚರಿಗೆ ಜಾಗ ಕೊಡುವುದಿಲ್ಲ, ತನ್ನ ಕೆಲಸದಲ್ಲಿರುವ ಫ್ರೆಂಚನನ್ನು ತೆಗೆದುಹಾಕುತ್ತೇನೆ ಎಂದು ಅವನು ಒಪ್ಪಿದ. ಮೂರು ತಿಂಗಳು ಕಳೆದು ನೆಪೋಲಿಯನ್ ಟಿಪ್ಪುವಿಗೊಂದು ಪತ್ರ ಬರೆದ. ಮಸ್ಕತ್ತಿನ ದೊರೆಗೂ ಒಂದು ಬರೆದ, ಟಿಪ್ಪುವಿನ ಕಾಗದ ತಲುಪಿಸಿ ಎಂದು. ಎರಡೂ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕವು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಮರುವರ್ಷ ಕಂಪನಿಯ ದೂತ ಜಾನ್ ಮಾಲ್ಕಂ ಮಸ್ಕತ್ತಿಗೆ ಹೋಗಿ ಇನ್ನೊಂದು ಒಪ್ಪಂದ ಮಾಡಿಕೊಂಡ. ಸೂರ್ಯ ಚಂದ್ರರು ತಿರುಗುವಷ್ಟು ಕಾಲ ಈ ಗೆಳೆತನ ಅಲುಗಾಡದಿರಲಿ ಎಂದು ಅದರಲ್ಲಿ ಬರೆದಿದೆ. ನಮ್ಮ ಶಾಸನಗಳ ‘ಆಚಂದ್ರಾರ್ಕ’ ನೆನಪಾಗಿ ನಗು ಬಂತು. ಏಕೆಂದರೆ ಕೊನೆಗೆ ಆದದ್ದು ಹೀಗೆ. 1967ರ ನವೆಂಬರಿನಲ್ಲಿ ಬ್ರಿಟಿಷ್ ಮಂತ್ರಿ ಗೊರೊನ್ವಿ ರಾಬರ್ಟ್ಸ್ ಕೊಲ್ಲಿಗೆ ಬಂದು, ನಾವು ಎಲ್ಲೂ ಹೋಗುವುದಿಲ್ಲ ಎಂದು ಶೇಖರಿಗೆ ಧೈರ್ಯ ಹೇಳಿ ಹೋದ. 1968ರ ಜನವರಿಯಲ್ಲಿ ಅದೇ ಮನುಷ್ಯ ಮತ್ತೆ ಬಂದು, 1971ರೊಳಗೆ ಜಾಗ ಖಾಲಿ ಮಾಡುತ್ತೇವೆ ಎಂದ. ಸೈನ್ಯದ ಖರ್ಚು ನಾವೇ ಕೊಡುತ್ತೇವೆ ಇರಿ ಎಂದು ಕೇಳಿಕೊಂಡವರೂ ಇದ್ದರು. ಲಂಡನ್ ಒಪ್ಪಲಿಲ್ಲ.

ಇದನ್ನೆಲ್ಲ ನಿಮ್ಮ ಲೇಖಕರ ತಪ್ಪು ಹುಡುಕಲು ಬರೆದದ್ದಲ್ಲ. ಲಂಡನ್ ಎಂದಿರುವ ಕಡೆ ಬೊಂಬಾಯಿ ಎಂದು ಒಂದು ತಿದ್ದುಪಡಿ ಹಾಕಿ. ಸಾಧ್ಯವಾದರೆ ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿದ್ದ ಕಾಲದ ಬಗ್ಗೆ, ತಿಳಿದವರಿಂದ, ಒಂದು ಲೇಖನ ಬರೆಸಿ. ಇಲ್ಲಿ ಪ್ರತಿ ಮನೆಯಲ್ಲೂ ಒಬ್ಬರಾದರೂ ಕೊಲ್ಲಿಗೆ ಹೋಗಿ ಬಂದವರಿದ್ದಾರೆ, ಓದುತ್ತಾರೆ.

ಇತಿ ತಮ್ಮ,
ಹಳೇ ಓದುಗ, ಉಳ್ಳಾಲ