ಅಕ್ಷರಗುಂಡಿನಿಂದ ಶುರು ಮಾಡು: ಇಂಟರ್‌ವ್ಯೂಗೆ ಹೊರಟಿರೋ ಗೆಳೆಯನಿಗೆ

ಗೆಳೆಯಾ,

ಜೆಎನ್‌ಯು ಹಿಸ್ಟರಿ ಪಿಎಚ್‌ಡಿಗೆ ಇಂಟರ್‌ವ್ಯೂ ಕಾಲ್ ಬಂತು ಅಂತ ನೀನು ಮೊನ್ನೆ ರಾತ್ರಿ ಹೇಳಿದಾಗಿಂದ ನಂಗೆ ಅದೇ ಯೋಚ್ನೆ ಕಣೋ. ಫೋನಲ್ಲಿ ಎಲ್ಲಾ ಹೇಳಕ್ಕಾಗ್ಲಿಲ್ಲ, ಅದ್ಕೆ ಬರೀತಿದೀನಿ, ನಮ್ಮ ಕಡೆಯ ಬೇರೆ ಹುಡುಗ್ರಿಗೂ ಉಪಯೋಗ ಆಗ್ಲಿ ಅಂತ ಎಲ್ರಿಗೂ ಕಾಣೋ ಹಂಗೆ ಹಾಕ್ತಿದೀನಿ, ಬೇಜಾರ್ ಮಾಡ್ಕೋಬೇಡ.

2024ರಲ್ಲಿ ಯುಜಿಸಿ ಮಾಡಿದ ರೂಲ್ ನಿಂಗೆ ಗೊತ್ತೇ ಇದೆ, ಜೆಆರ್‌ಎಫ್ ಅನ್ನೋ ರಿಸರ್ಚ್ ಫೆಲೋಶಿಪ್ ಆಗದೆ ಇರೋರಿಗೆ ಪಿಎಚ್‌ಡಿ ಸೀಟಿಗೆ ನೆಟ್ ಪರೀಕ್ಷೆ ಸ್ಕೋರ್‌ಗೆ 70 ಪರ್ಸೆಂಟ್, ಇಂಟರ್‌ವ್ಯೂಗೆ 30. ಆ 70 ಬರೆದು ಮುಗಿಸಿದೀಯ, ಅದ್ರ ಬಗ್ಗೆ ಇನ್ನು ತಲೆ ಕೆಡಿಸ್ಕೋಬೇಡ.

ಥಿಯರಿ ಪುಸ್ತಕ ರಾಶಿ ಹಾಕ್ಕೊಂಡು ನೋಟ್ಸ್ ಮಾಡ್ತಿದೀನಿ ಅಂದ್ಯಲ್ಲ, ಅದನ್ನ ಸ್ವಲ್ಪ ಪಕ್ಕಕ್ಕಿಡು. ನಾನೂ ಬೇರೆ ಒಂದು ಯೂನಿವರ್ಸಿಟಿಗೆ ಹಂಗೇ ಹೋಗಿದ್ದೆ, ದೊಡ್ಡ ದೊಡ್ಡ ಹೆಸರೆಲ್ಲಾ ಸಾಲಾಗಿ ಹೇಳ್ತಾ ಹೋದೆ, ಕೊನೇಲಿ ಕೂತಿದ್ದ ಮೇಡಂ ಒಬ್ರು ಮೆತ್ತಗೆ, ನಿಮ್ಮ ಸೋರ್ಸ್ ನೀವೇ ನೋಡಿದೀರಾ ಅಂತ ಕೇಳಿದ್ರು. ನೋಡಿರ್ಲಿಲ್ಲ. ಆಮೇಲೆ ನನ್ ಬಾಯಿಂದ ಮಾತೇ ಹೊರಡ್ಲಿಲ್ಲ.

ನೀನು ನೋಡಿದೀಯ ಕಣೋ! ಮೊಳಕಾಲ್ಮೂರಿಂದ ಬ್ರಹ್ಮಗಿರಿಗೆ ಹೋಗಿ, ಅಶೋಕನ ಶಾಸನ ಇರೋ, ಊರವ್ರು ಅಕ್ಷರಗುಂಡು ಅನ್ನೋ ಆ ಬಂಡೆ ಮುಂದೆ ಮಧ್ಯಾಹ್ನದವರೆಗೂ ಮಂಡಿಯೂರಿ ಕೂತು ಒಂದೊಂದೇ ಅಕ್ಷರ ಕಾಪಿ ಮಾಡ್ಕೊಂಡೋನು ನೀನು. ಅಲ್ಲಿಂದಲೇ ಮಾತು ಶುರು ಮಾಡು. ಆ ಶಾಸನ ಶುರುವಾಗೋದೇ ಕಾಗದದ ಥರ ತಾನೆ, ಸುವರ್ಣಗಿರಿ ಅನ್ನೋ ಊರಿಂದ ಆರ್ಯಪುತ್ರ, ಅಂದ್ರೆ ರಾಜಕುಮಾರ, ಮತ್ತೆ ಮಹಾಮಾತ್ರರು ಅನ್ನೋ ದೊಡ್ಡ ಅಧಿಕಾರಿಗಳು ಇಸಿಲ ಅನ್ನೋ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸ್ತಾರೆ, ಆಮೇಲೆ ರಾಜಾಜ್ಞೆ ಬರುತ್ತೆ. ಕೊನೇಲಿ ಬರೆದೋನ ಹೆಸ್ರು, ಚಪಡ. ಇಡೀ ಶಾಸನ ಬ್ರಾಹ್ಮೀ ಲಿಪೀಲಿದೆ, 'ಲಿಪಿಕರ' ಅನ್ನೋ ಅವನ ಕಸುಬಿನ ಪದ ಮಾತ್ರ ಖರೋಷ್ಠೀ ಲಿಪೀಲಿ, ಬಲದಿಂದ ಎಡಕ್ಕೆ. ವಾಯವ್ಯದ ಗಾಂಧಾರದ ಕಡೆ ಓಡ್ತಿದ್ದ ಲಿಪಿ ನಮ್ಮ ಚಿತ್ರದುರ್ಗದ ಬಂಡೆ ಮೇಲೆ ಯಾಕಿದೆ, ಅವನೇ ಆ ಕಡೆಯಿಂದ ಬಂದೋನಾ, ಇಲ್ಲಾ ಆ ಲಿಪಿ ಎಲ್ಲೋ ಕಲಿತೋನಾ, ಶಾಸನದ ಭಾಷೆ ಪ್ರಾಕೃತ, ಅದನ್ನ ಇಲ್ಲಿನ ಜನಕ್ಕೆ ಯಾರು ಓದಿ ಹೇಳ್ತಿದ್ರು? ನಿನ್ನ ರಿಸರ್ಚ್ ಪ್ರಪೋಸಲ್‌ನ ಜೀವ ಇರೋದು ಇದ್ರಲ್ಲಿ, ಆದ್ರೆ ನೀನು ಅದನ್ನ ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದೀಯ.

ಅಶೋಕನ ಇನ್ನೊಂದು ಶಾಸನ, ಮಸ್ಕೀದು, ಅದ್ರ ಬಗ್ಗೆ ಖಂಡಿತ ಕೇಳ್ತಾರೆ ಅನ್ಸುತ್ತೆ. 1915ರಲ್ಲಿ ಸಿಕ್ತು, ಅಶೋಕ ಅನ್ನೋ ಹೆಸ್ರಿದೆ, ಅಷ್ಟು ಎಲ್ರೂ ಹೇಳ್ತಾರೆ. ಅದ್ರಲ್ಲಿರೋ ಬರಹಕ್ಕೂ ಬ್ರಹ್ಮಗಿರಿ ಬರಹಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಅಂತ ಎರಡನ್ನೂ ಎದುರುಬದುರು ಇಟ್ಟು ಓದ್ಕೊಂಡು ಹೋಗು.

ಗೊತ್ತಿಲ್ದೇ ಇರೋದು ಕೇಳಿದ್ರೆ ಗೊತ್ತಿಲ್ಲ ಸರ್ ಅಂತ ನೇರ ಹೇಳ್ಬಿಡು, ಹೇಳಿ ಸುಮ್ನಾಗ್ಬೇಡ, ಅದನ್ನ ಹೆಂಗೆ ಹುಡುಕ್ತೀಯ ಅಂತ ಹೇಳು. ಕನ್ನಡ ಮೀಡಿಯಂ ಅಂತ ಅಳುಕಬೇಡ, ಇಂಗ್ಲಿಷ್ ನಿಧಾನ ಆದ್ರೂ ಪರ್ವಾಗಿಲ್ಲ, ಬೈಹಾರ್ಟ್ ಮಾಡಿದ ಇಂಗ್ಲಿಷ್ ಎರಡನೇ ಪ್ರಶ್ನೆಗೇ ಕೈ ಕೊಡುತ್ತೆ.

ಭಾನುವಾರ ಸಂಜೆ ವಿಡಿಯೋ ಕಾಲ್ ಮಾಡು, ಅರ್ಧ ಗಂಟೆ ನಾನೇ ಪ್ರಶ್ನೆ ಕೇಳ್ತೀನಿ. ಆ ಕಾಪಿ ಮಾಡಿದ ನೋಟ್‌ಬುಕ್ ಹತ್ರ ಇಟ್ಕೊಂಡಿರು.

ನಿನ್ನ ಗೆಳೆಯ