ಮಗಳಿಗೊಂದು ಪತ್ರ: ಎರಡೂ ಬಲಗೈಯ ತೋಳು

ಕುಮಟಾ

ಪ್ರೀತಿಯ ಕೂಸೇ,

ಭಾನುವಾರ ಫೋನಿನಲ್ಲಿ ಮಾತು ಅರ್ಧಕ್ಕೇ ಕಡಿದುಹೋಯಿತು. ದನಿ ಏರಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. 'ಹುಡುಗಿಯರಿಗೆ ಆಕಾರಗಳು ಕಣ್ಣಿಗೆ ಕಟ್ಟುವುದಿಲ್ಲವಂತೆ, ಪಿಯುಸಿಗೆ ಗಣಿತ ಬೇಡ' ಎಂದೆಯಲ್ಲ, ಆ ಮಾತಿಗೆ. ಹೇಳಿದವರ ಹತ್ತಿರ ಜಗಳಕ್ಕೆ ಬರುವುದಿಲ್ಲ, ಹೆದರಬೇಡ.

ನೀನು ಆರನೇ ತರಗತಿಯಲ್ಲಿದ್ದಾಗ, ಹೊಲಿಗೆ ಕಲಿಯಲು ಬರುತ್ತಿದ್ದ ಹುಡುಗಿ ಹೂವಿನ ಅಚ್ಚಿನ ಬಟ್ಟೆಯಲ್ಲಿ ರವಿಕೆಯ ತೋಳು ಕತ್ತರಿಸಿಟ್ಟಿದ್ದಳು. ಮೇಜಿನ ಆಚೆ ಅವಲಕ್ಕಿ ತಿನ್ನುತ್ತಿದ್ದ ನೀನು ಮುಟ್ಟದೆಯೇ, 'ಆಯಿ, ಇವೆರಡೂ ಬಲಗೈಯವು' ಎಂದೆ. ತೋಳಿನ ಮುಂಬದಿಯನ್ನು ಹಿಂಬದಿಗಿಂತ ಹೆಚ್ಚು ಒಳಕ್ಕೆ ಬಳಸಿ ಕತ್ತರಿಸುತ್ತೇವೆ. ಒಂದೇ ಮಗ್ಗುಲಿಗೆ ಅಚ್ಚಿರುವ ಬಟ್ಟೆಯಾದರೆ ಒಂದು ತೋಳು ಇನ್ನೊಂದರ ಕನ್ನಡಿಬಿಂಬವಾಗಿರಬೇಕು. ಕಲಿತವರೂ ಮೈಗೆ ಹಿಡಿದು ನೋಡುತ್ತಾರೆ. ನೀನೋ, ತಲೆಕೆಳಗಾಗಿ ಕಾಣುವ ಬದಿಯಲ್ಲಿ ಕುಳಿತು ಹೇಳಿದೆ. ನಿನಗೆ ನೆನಪಿದೆಯೋ ಇಲ್ಲವೋ, ನಾನಂತೂ ಆ ಬಟ್ಟೆಯ ಹಳದಿ ಹೂವನ್ನೂ ಮರೆತಿಲ್ಲ. ಬಂದವರಿಗೆಲ್ಲ ಹೇಳಿದ್ದೇನೆ.

ನಿನ್ನ ಅಣ್ಣ ಹುಡುಕಿಕೊಟ್ಟದ್ದನ್ನು ಓದುವಾಗ ಅದೇ ತೋಳು ಕಣ್ಣ ಮುಂದೆ ಬಂತು. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಎಂಬ ಮನೋವಿಜ್ಞಾನಿಗಳು ಜನರಿಗೆ ಕೊಟ್ಟ ಕೆಲಸವೂ ಇದೇ: ಘನಗಳನ್ನು ಜೋಡಿಸಿದ ಎರಡು ಆಕೃತಿಗಳು, ಒಂದನ್ನು ತಿರುಗಿಸಿದರೆ ಇನ್ನೊಂದಾಗುತ್ತದೆಯೋ, ಅಥವಾ ಅದು ಕನ್ನಡಿಬಿಂಬವೋ? ತಿರುಗಿಸಬೇಕಾದ ಕೋನ ದೊಡ್ಡದಾದಷ್ಟೂ ಉತ್ತರಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಇಂಥ ಪರೀಕ್ಷೆಗಳಲ್ಲಿ ಹುಡುಗರ ಸರಾಸರಿ ಮೇಲಿರುವುದು ನಿಜ, ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಸಮಯದ ಮಿತಿ ಸಡಿಲಿಸಿದರೆ ಅಂತರ ಕಿರಿದಾಗುತ್ತದೆ. 2007ರಲ್ಲಿ ಪ್ರಕಟವಾದ ಟೊರಾಂಟೊದ ಪ್ರಯೋಗದಲ್ಲಿ 10 ಗಂಟೆ ವಿಡಿಯೊ ಆಟ ಆಡಿದ ಮೇಲೆ ಯುವತಿಯರು ಯುವಕರಿಗಿಂತ ಹೆಚ್ಚು ಸುಧಾರಿಸಿದರು. ಅಮೆರಿಕದ ಮಿಷಿಗನ್‌ನಲ್ಲಿ ಶೆರಿಲ್ ಸೋರ್ಬಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 1993ರಿಂದ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದನ್ನು ಪಾಠವಾಗಿ ಕಲಿಸಿದರು. ಕಲಿಸಿದರೆ ಬರುವುದನ್ನು ಹುಟ್ಟಿನಲ್ಲೇ ಇಲ್ಲವೆನ್ನುವುದು ಯಾವ ನ್ಯಾಯ?

ಉಪದೇಶ ಎನಿಸಿದರೂ ಕೇಳು. ರಟ್ಟಿನ ಪೆಟ್ಟಿಗೆ ಬಿಚ್ಚುವ ಮೊದಲು, ಬಿಚ್ಚಿದರೆ ಹೇಗೆ ಹರಡುತ್ತದೆಂದು ಬರೆದು ನೋಡು. ಸಾಬೂನನ್ನು ಓರೆಯಾಗಿ ಕೊಯ್ಯುವ ಮೊದಲು ಕೊಯ್ದ ಮುಖದ ಚಿತ್ರ ಬಿಡಿಸು. ಒಂದೇ ವಸ್ತುವನ್ನು ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಬರೆ. ಗಡಿಯಾರ ನೋಡಿ ಗಾಬರಿಯಾಗಬೇಡ. ರಾತ್ರಿ ಊಟ ಬಿಡುತ್ತಿದ್ದೀಯಂತೆ, ಅದು ಕೂಡದು.

ಗಣಿತ ಇಷ್ಟವಿಲ್ಲವೆಂದು ಬಿಟ್ಟರೆ ನಾನು ಅಡ್ಡ ಬರುವುದಿಲ್ಲ. ಅರ್ಥಶಾಸ್ತ್ರವನ್ನೋ ಇತಿಹಾಸವನ್ನೋ ಓದು, ಸಂತೋಷವೇ. ನಿನಗೆ ಬರುವುದಿಲ್ಲವೆಂದು ಬೇರೊಬ್ಬರು ಹೇಳಿದ್ದಕ್ಕೆ ಬಿಡುತ್ತೀಯೇನೋ ಎಂಬುದೇ ನನ್ನ ಭಯ. ನಾಲ್ಕು ರಾತ್ರಿಯಿಂದ ನಿದ್ದೆ ಕೆಡಿಸಿದ್ದೂ ಅದೇ.

ಶನಿವಾರ ಅಪ್ಪ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುತ್ತಾರೆ. ನಿನ್ನ ಗಣಿತ ಪರೀಕ್ಷೆಯ ಉತ್ತರಪತ್ರಿಕೆಯನ್ನು ಅವರ ಕೈಯಲ್ಲಿ ಕಳಿಸು. ಶಂಕುವಿನ ಲೆಕ್ಕದಲ್ಲಿ ಚಿತ್ರ ತಪ್ಪಿದೆಯೋ ಗುಣಾಕಾರ ತಪ್ಪಿದೆಯೋ ನಾನೇ ನೋಡಬೇಕು.

ನಿನ್ನ ಆಯಿ