ಹಳೆಯ ತೋಟಕ್ಕೆ ಒಂದು ಮಳೆಗಾಲ ಕೊಡಿ

ಮಾನ್ಯರೇ,

ಶಿರಸಿ, ಸೋಂದಾ, ಬನವಾಸಿ ಸೀಮೆಯಲ್ಲೂ ಕುಮಟಾದಿಂದ ಕಾರವಾರದವರೆಗಿನ ಕರಾವಳಿಯಲ್ಲೂ ದೇವಸ್ಥಾನ, ಮಠ, ಹಳೆಯ ಮನೆತನಗಳಿಗೆ ಸೇರಿದ ಹೂದೋಟಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಚಿರೆಕಲ್ಲಿನ (ಜಂಬಿಟ್ಟಿಗೆಯ) ಪಾಗಾರ ಗೋಡೆ, ಮೆಟ್ಟಿಲಿನ ಪುಷ್ಕರಣಿ, ಗಾರೆಯ ತುಳಸಿಕಟ್ಟೆ, ಮುದಿಯಾದ ಸುರಗಿ, ಬಕುಳ, ನಾಗಸಂಪಿಗೆ ಮರಗಳು. ಇವುಗಳ ಜೀರ್ಣೋದ್ಧಾರಕ್ಕೆ ಹಣ ಬಂತೆಂದರೆ ಸಂತೋಷವಾಗುತ್ತದೆ, ಟೆಂಡರ್ ಪತ್ರ ಓದಿದರೆ ಎದೆ ಧಸಕ್ಕೆನ್ನುತ್ತದೆ. ಕಾರ್ಯಾದೇಶ ಡಿಸೆಂಬರ್‌ಗೋ ಜನವರಿಗೋ ಸಿಗುತ್ತದೆ, ಬಿಲ್ಲು ಮಾರ್ಚ್ 31ರೊಳಗೆ ಆಗಬೇಕು. ಆ ಮೂರು ತಿಂಗಳಲ್ಲಿ ಆಗುವುದು ಸಿಮೆಂಟಿನ ಕೆಲಸ ಮಾತ್ರ. ಗುತ್ತಿಗೆದಾರ ಎಷ್ಟೇ ಪ್ರಾಮಾಣಿಕನಾಗಿದ್ದರೂ ಸುಣ್ಣ ಹದಕ್ಕೆ ಬರುವುದಿಲ್ಲ, ಕಲ್ಲು ಮಾಗುವುದಿಲ್ಲ, ಕಸಿ ಹಿಡಿಯುವುದಿಲ್ಲ.

ನಮ್ಮ ಬೇಡಿಕೆ ಇಷ್ಟು. ಇಂಥ ಕೆಲಸಕ್ಕೆ 18 ತಿಂಗಳ ಅವಧಿ ಕೊಡಿ. ಏಪ್ರಿಲ್‌ನಲ್ಲಿ ಶುರುವಾಗಿ ಮುಂದಿನ ವರ್ಷದ ಅಕ್ಟೋಬರ್‌ಗೆ ಮುಗಿಯಲಿ. ಮೊದಲ ಮಳೆಗಾಲ ಸಾಮಗ್ರಿ ಹದವಾಗುವುದಕ್ಕೆ, ಎರಡನೆಯದು ಕಟ್ಟಿದ್ದರ ಪರೀಕ್ಷೆಗೆ. ಅಷ್ಟೂ ಕಾಲ ಕನಿಷ್ಠ 6 ಮಂದಿ ಸ್ಥಳೀಯ ಯುವಕ ಯುವತಿಯರು ಕೂಲಿ ಪಡೆದು ಅಲ್ಲೇ ಕೆಲಸ ಕಲಿಯಲಿ.

ಸುಣ್ಣದಿಂದ ಆರಂಭಿಸೋಣ, ಹೆಚ್ಚಿನ ಕೆಲಸ ಕೆಡುವುದು ಅಲ್ಲಿಯೇ. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಮಳೆಯಲ್ಲಿ ಕುಡಿದದ್ದನ್ನು ಅದು ಬಿಸಿಲಿನಲ್ಲಿ ಹೊರಗೆ ಬಿಡಬೇಕು. ಸಂದಿಯಲ್ಲಿ ಸುಣ್ಣದ ಗಾರೆಯಿದ್ದರೆ ತೇವ ಗಾರೆಯ ಮೂಲಕ ಆರಿಹೋಗುತ್ತದೆ. ಸವೆಯುವುದಿದ್ದರೂ ಗಾರೆಯೇ ಸವೆಯುತ್ತದೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಮತ್ತೆ ತುಂಬಿದರಾಯಿತು. ಸಿಮೆಂಟು ಈ ಕಲ್ಲಿಗಿಂತ ಗಟ್ಟಿ, ತೇವಕ್ಕೆ ದಾರಿ ಬಿಡುವುದಿಲ್ಲ. ಆಗ ನೀರು ಕಲ್ಲಿನ ಮುಖದಿಂದಲೇ ಹೊರಬರಬೇಕು. ಉಪ್ಪುಗಾಳಿಯ ಕಡಲತೀರದಲ್ಲಿ ಅದರ ಜೊತೆ ಉಪ್ಪೂ ಬಂದು ಕಲ್ಲಿನ ಮೈ ಪುಡಿಯಾಗಿ ಉದುರುತ್ತದೆ. ಕೆಲವು ವರ್ಷ ಕಳೆದರೆ ಸಿಮೆಂಟಿನ ಗೆರೆಗಳು ಮಾತ್ರ ಜೇನುಹುಟ್ಟಿನ ಹಾಗೆ ಎದ್ದು ನಿಂತು, ನಡುವಿನ ಕಲ್ಲು ಕುಳಿಬಿದ್ದಿರುತ್ತದೆ.

ಹಿಂದೆ ಸುಣ್ಣಕ್ಕೆ ದೂರ ಹೋಗಬೇಕಿರಲಿಲ್ಲ. ಅಘನಾಶಿನಿ, ಶರಾವತಿ, ಕಾಳಿಯ ಅಳಿವೆಗಳ ಚಿಪ್ಪಿ ಸುಟ್ಟೇ ಕರಾವಳಿಯ ಗೋಡೆಗಳು ಎದ್ದವು. ಇಂದು ಅದಕ್ಕಾಗಿ ನದಿಯ ತಳ ಬಗೆಯುವುದು ಬೇಡ, ಬಳಚು ಎಂಬ ಚಿಪ್ಪಿನ ಜೀವಿ ಇರುವುದೇ ಅಲ್ಲಿ. ತಿಂದು ಬಿಟ್ಟ ಚಿಪ್ಪು ಸಂಗ್ರಹಿಸಿದರೆ ಒಂದು ತೋಟದ ಕೆಲಸಕ್ಕೆ ಸಾಕಾಗುತ್ತದೆ. ಚಿಪ್ಪನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ, ಇದ್ದಿಲಿನ ಜೊತೆ ಪದರ ಪದರವಾಗಿ ಪೇರಿಸಿ ಸುಡಬೇಕು. ಸುಮಾರು 900 ಡಿಗ್ರಿ ಶಾಖ ಬೇಕು. 100 ಕಿಲೋ ಶುದ್ಧ ಚಿಪ್ಪು ಪೂರ್ತಿ ಬೆಂದರೆ ಉಳಿಯುವುದು 56 ಕಿಲೋ, ಮಿಕ್ಕಿದ್ದು ಅನಿಲವಾಗಿ ಹೋಗುತ್ತದೆ. ಹಾಗಾಗಿ ತೂಕ ನೋಡಿಯೇ ಬೆಂದಿದೆಯೋ ಇಲ್ಲವೋ ಹೇಳಬಹುದು. 100ಕ್ಕೆ 70 ಕಿಲೋ ಬಂತೆಂದರೆ ಒಳಗೆ ಹಸಿ ಉಳಿದಿದೆ ಎಂದರ್ಥ.

ಅರಳಿಸುವಾಗ ಹೊಂಡಕ್ಕೆ ಮೊದಲು ನೀರು, ಆಮೇಲೆ ಸುಟ್ಟ ಸುಣ್ಣ. ಸುಣ್ಣದ ಅಳತೆಯ ಎರಡೂವರೆ ಮೂರು ಪಟ್ಟು ನೀರಿರಲಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಒಂದು ಹನಿ ಬಿದ್ದರೂ ತಡಮಾಡದೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಅರಳಿದ ಸುಣ್ಣವನ್ನು 3 ಮಿಲಿಮೀಟರ್ ಜರಡಿಯಲ್ಲಿ ಸೋಸಿ ಇನ್ನೊಂದು ಹೊಂಡಕ್ಕೆ ಇಳಿಸಿ, ಮೇಲೆ ಎರಡು ಇಂಚು ನೀರು ನಿಲ್ಲಿಸಿ ಮುಚ್ಚಿಡಬೇಕು. ಕಲ್ಲು ಕಟ್ಟುವ ಗಾರೆಗೆ ಒಂದು ತಿಂಗಳು, ಮೇಲ್ಗಾರೆಗೆ ಕನಿಷ್ಠ ಮೂರು ತಿಂಗಳು. ಮೇ ತಿಂಗಳಲ್ಲಿ ಅರಳಿಸಿದ್ದು ಮಳೆಗಾಲವಿಡೀ ನೀರಿನಡಿ ಕೂತರೆ ಅಕ್ಟೋಬರ್‌ಗೆ ಬೆಣ್ಣೆಯಾಗಿರುತ್ತದೆ. ಅವಸರದಲ್ಲಿ ಬಳಸಿದರೆ ಅರಳದೆ ಉಳಿದ ಕಣ ಗೋಡೆಯಲ್ಲಿ ಕೂತ ಮೇಲೆ ಅರಳಿ, ಮೇಲ್ಗಾರೆ ಸಿಡುಬಿನ ಕಲೆಯಂತೆ ಎಗರುತ್ತದೆ. ಅಂಗಡಿಯ ಚೀಲದ ಪುಡಿಸುಣ್ಣದ ಮೇಲೆ ಲಿಂಬೆರಸ ಹಿಂಡಿ ನೋಡಿ. ನೊರೆ ಉಕ್ಕಿದರೆ ಅದು ಗಾಳಿ ಕುಡಿದು ಮತ್ತೆ ಕಲ್ಲಾದ ಸುಣ್ಣ, ಗಾರೆಗೆ ಬಾರದು.

ಮರಳು ಹೊಳೆಯದ್ದಾಗಿರಲಿ, ಸಮುದ್ರದ್ದು ಬೇಡ. ಪ್ರಮಾಣ ತಿಳಿಯಲು ಹಳೆಯ ಉಪಾಯವೊಂದಿದೆ. ಒಂದು ಪಾತ್ರೆಯ ತುಂಬ ಒಣ ಮರಳು ತುಂಬಿ, ಅಂಚಿಗೆ ಬರುವವರೆಗೆ ನೀರು ಹೊಯ್ಯಿರಿ. ಹಿಡಿಸಿದ ನೀರಿನಷ್ಟು ಸುಣ್ಣ ಬೇಕು. ಸಾಮಾನ್ಯವಾಗಿ ಪಾತ್ರೆಯ ಮೂರರಲ್ಲೊಂದು ಪಾಲು ಹಿಡಿಸುತ್ತದೆ, 1ಕ್ಕೆ 3 ಎಂಬ ಲೆಕ್ಕ ಬಂದದ್ದು ಹೀಗೆ. ಪುಷ್ಕರಣಿಯ ಮೆಟ್ಟಿಲಿನಂಥ ಸದಾ ಒದ್ದೆ ಜಾಗಕ್ಕೆ ಬರೀ ಸುಣ್ಣ ನಿಲ್ಲುವುದಿಲ್ಲ. ಅಲ್ಲಿ 1 ಸುಣ್ಣ, 1 ಸುರ್ಕಿ (ಇಟ್ಟಿಗೆ ಪುಡಿ), 2 ಮರಳು. ಸುರ್ಕಿಗೆ ಕಡಿಮೆ ಬೆಂದ ಇಟ್ಟಿಗೆಯ ನುಣ್ಣನೆ ಪುಡಿಯೇ ಶ್ರೇಷ್ಠ, ಸುಟ್ಟು ಕಪ್ಪಾದ ಇಟ್ಟಿಗೆಯ ಪುಡಿ ಸುಣ್ಣದೊಡನೆ ಬೆರೆತು ಗಟ್ಟಿಯಾಗುವುದಿಲ್ಲ. ಗಾರೆಗೆ ಬೆರೆಸುವ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ತೆಳ್ಳಗಿರಬೇಕು. ಜಾಸ್ತಿ ಬೆಲ್ಲ ಹಾಕಿದರೆ ಜಾಸ್ತಿ ಗಟ್ಟಿ ಎಂಬುದು ತಪ್ಪು, ಗಾರೆ ಗಟ್ಟಿಯಾಗಲು ತಡವಾಗಿ ಇರುವೆ ಮುತ್ತುತ್ತದೆ. ಕಟ್ಟಿದ ಮೇಲೆ ಒದ್ದೆ ಗೋಣಿಚೀಲ ಹೊದೆಸಿ ಎರಡು ವಾರ ನೆರಳು ಕೊಡಬೇಕು. ಗಾರೆ ಗಾಳಿ ಕುಡಿಯುತ್ತ ಹೊರಗಿನಿಂದ ಒಳಕ್ಕೆ ಬಹಳ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಮೇಲ್ಗಾರೆ ಫೆಬ್ರುವರಿಯೊಳಗೆ ಮುಗಿಯಬೇಕು. ಮೇ ತಿಂಗಳಲ್ಲಿ ಬಳಿದ ಗಾರೆಯನ್ನು ಜೂನ್ ಮಳೆ ತೊಳೆದುಕೊಂಡು ಹೋಗುತ್ತದೆ, ಆಗ ಬೈಗುಳ ತಿನ್ನುವುದು ಸುಣ್ಣ.

ಇನ್ನು ಕಲ್ಲು. 1801ರಲ್ಲಿ ಈ ಸೀಮೆಯ ಅಡಿಕೆ, ಮೆಣಸಿನ ತೋಟಗಳನ್ನು ನೋಡಿ ಬರೆದಿಟ್ಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ನರೇ ಚಿರೆಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು. ಕಡಿಯುವಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ ಎಂಬ ಅದರ ಗುಣವನ್ನು ಅವರು ಬರೆದಿಟ್ಟಿದ್ದಾರೆ. ಆ ಗುಣಕ್ಕೆ ಸಮಯ ಕೊಡದೆ, ಗಣಿಯಿಂದ ಬಂದ ದಿನವೇ ಗೋಡೆಗೆ ಏರಿಸುತ್ತೇವೆ. ಕಲ್ಲನ್ನು ಒಂದು ಮಳೆಗಾಲ ಬಯಲಲ್ಲಿ ಬಿಡಿ. ಒಳಗೆ ಶೇಡಿ ಎಂಬ ಮೆದು ಜೇಡಿ ಮಣ್ಣಿನ ಗುಳಿಯಿರುವ ಕಲ್ಲುಗಳು ತಾವಾಗಿಯೇ ತೊಳೆದು ಟೊಳ್ಳಾಗುತ್ತವೆ, ಅವನ್ನು ಬೇರೆ ಮಾಡಿದರಾಯಿತು. ಮಣ್ಣು ತಡೆಯುವ ಗೋಡೆ 6 ಅಡಿ ಏರುವಷ್ಟರಲ್ಲಿ ಒಂದಡಿಯಷ್ಟು ಒಳಕ್ಕೆ ವಾಲಿರಲಿ. ಮುಖದ ಕಲ್ಲನ್ನೂ ಹಿಂಬದಿಯನ್ನೂ ಹಿಡಿದಿಡುವ ಉದ್ದಗಲ್ಲು ಅಲ್ಲಲ್ಲಿ ಬೀಳಲಿ, ಹಿಂದೆ ಒಂದಡಿ ದಪ್ಪ ಜಲ್ಲಿ, ಬುಡದಲ್ಲಿ ನೀರು ಬಸಿಯುವ ಕಿಂಡಿ. ಕಿಂಡಿ ಚೆಂದ ಕಾಣುವುದಿಲ್ಲವೆಂದು ಮುಚ್ಚಿದ ಗೋಡೆಗಳು ಜುಲೈನಲ್ಲಿ ಹೊಟ್ಟೆ ಬಂದು ಮಲಗಿದ್ದನ್ನು ಜಿಲ್ಲೆಯವರೆಲ್ಲ ಕಂಡಿದ್ದಾರೆ. ಮಳೆ ಸುರಿಯುವಾಗಲೇ ಕಲಿಯುವವರು ತೋಟ ಸುತ್ತಿ, ನೀರು ಎಲ್ಲಿ ಹರಿಯುತ್ತದೆ, ಯಾವ ಕಾದಿಗೆ (ಬಸಿಗಾಲುವೆ) ಕಟ್ಟಿದೆ ಎಂದು ಗೂಟ ನೆಟ್ಟು ಗುರುತಿಸಬೇಕು. ಬೇಸಿಗೆಯ ನಕ್ಷೆಯಲ್ಲಿ ಇದು ಕಾಣುವುದಿಲ್ಲ.

ಪುಷ್ಕರಣಿಗೆ ಜೆಸಿಬಿ ಇಳಿಸುವ ಮುನ್ನ ದಯವಿಟ್ಟು ಕೈಯಲ್ಲಿ ಮೂರು ನಾಲ್ಕು ಗುಂಡಿ ತೆಗೆದು ನೋಡಿ. ಹೂಳಿನ ಕೆಳಗೆ ಹಿರಿಯರು ತುಳಿದು ಕೂರಿಸಿದ ಜೇಡಿಯ ಪದರ ಇರಬಹುದು. ಯಂತ್ರದ ಹಲ್ಲು ಅದನ್ನು ಒಮ್ಮೆ ಸೀಳಿತೆಂದರೆ ತುಂಬಿದ ನೀರು ಕೆಳಗಿನ ಜಂಬಿಟ್ಟಿಗೆಯಲ್ಲಿ ಇಂಗಿ ಫೆಬ್ರುವರಿಗೇ ತಳ ಕಾಣುತ್ತದೆ. ಜೇಡಿಯ ಮೇಲೆ ಅರ್ಧ ಅಡಿ ಹೂಳು ಉಳಿಸಿ ನಿಲ್ಲಬೇಕು. ಸೀಳಿದ್ದರೆ 15 ಸೆಂಟಿಮೀಟರ್‌ನ ಪದರಗಳಲ್ಲಿ ಜೇಡಿ ಹಾಕಿ, ಒದ್ದೆ ಮಾಡಿ, ಪ್ರತಿ ಪದರವನ್ನೂ ತುಳಿದು ಬೆಸೆಯಬೇಕು. ಒಂದೇ ಸಲ ಎರಡಡಿ ಸುರಿದರೆ ಮೇಲೆ ಗಟ್ಟಿ, ಒಳಗೆ ಸಡಿಲ. ತುಳಿದದ್ದನ್ನು ಒಣಗಲು ಬಿಟ್ಟರೂ ಬಿರುಕು ಬಿಡುತ್ತದೆ.

ಮರಗಳ ಮಾತು ಚಿಕ್ಕದು. ಹಳೆಯ ತೋಟದ ಮಾವು ಬಿದ್ದ ಮೇಲೆ ಅದರ ತಳಿ ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ, 10ರಿಂದ 15 ದಿನದ ಓಟೆಸಸಿಯ (ಗೊರಟಿನಿಂದ ಮೊಳೆತ ಸಸಿ) ಮೇಲೆ ಹಳೆಯ ಮರದ ಕಡ್ಡಿ ಕಸಿ ಕಟ್ಟಬಹುದು. ಕಡ್ಡಿಯ ಎಲೆಗಳನ್ನು ವಾರ ಹತ್ತು ದಿನ ಮೊದಲೇ, ತೊಟ್ಟು ಉಳಿಸಿ ಕತ್ತರಿಸಿದರೆ ಮೊಗ್ಗು ಉಬ್ಬಿ ಬೇಗ ಹಿಡಿಯುತ್ತದೆ. ನರ್ಸರಿಯಲ್ಲಿ ಅಶೋಕ ಕೇಳಿದರೆ ಕಂಬದಂತೆ ಏರುವ ಇನ್ನೊಂದು ಗಿಡ ಕೊಡುತ್ತಾರೆ. ಕೇಸರಿ ಹೂಗೊಂಚಲಿನ ನಿಜವಾದ ಅಶೋಕವನ್ನು ಎಲೆ ನೋಡಿ ಗುರುತಿಸುವುದನ್ನೂ ಕಲಿಸಬೇಕು.

ತುಳಸಿಕಟ್ಟೆಯ ಕಾವಿ ಚಿತ್ತಾರಕ್ಕೆ ಇವೆಲ್ಲವೂ ಸೇರಿ ಬೇಕು. ಬಿಳಿ ಗಾರೆಯ ಮೇಲೆ ಹುರಮಂಜಿ ಎಂಬ ಕೆಮ್ಮಣ್ಣಿನ ಕೆಂಪು ಪದರ ಕೊಟ್ಟು, ಒದ್ದೆ ಆರುವ ಮುನ್ನ ಕಂಟವೆಂಬ ಲೋಹದ ಮೊನೆಯಿಂದ ಕೆರೆದು ಕೆಳಗಿನ ಬಿಳಿ ಕಾಣಿಸುವ ಕಲೆ ಇದು. ಬೇಗ ಕೆರೆದರೆ ಅಂಚು ಕುಸಿಯುತ್ತದೆ, ತಡವಾದರೆ ಚಕ್ಕೆ ಏಳುತ್ತದೆ. ಹದ ಬೆರಳಿಗೆ ಗೊತ್ತಾಗಬೇಕು. ಹೊನ್ನಾವರದ ಲೇಖಕ ಕೃಷ್ಣಾನಂದ ಕಾಮತರು ಈ ಕಲೆಯನ್ನು ಊರೂರು ಸುತ್ತಿ ದಾಖಲಿಸಿಟ್ಟರು. ಆದರೆ ಬೆರಳಿನ ಹದವನ್ನು ಪುಸ್ತಕ ದಾಟಿಸಲಾರದು.

ಕೇಂದ್ರದ ವಿಶ್ವಕರ್ಮ ಯೋಜನೆ 2023ರಿಂದ 18 ಕಸುಬುಗಳಿಗೆ ತರಬೇತಿ ಕೊಡುತ್ತಿದೆ. ಗಾರೆ ಕೆಲಸದವರು, ಹಗ್ಗ ಬುಟ್ಟಿ ಹೆಣೆಯುವವರು ಅದರಲ್ಲಿ ಸೇರಿದ್ದಾರೆ. ಮೂಲ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ ಭತ್ಯೆ. ಒಳ್ಳೆಯದೇ, ಆದರೆ ಏಳು ದಿನದಲ್ಲಿ ಸುಣ್ಣ ಸೋಸಿ ಹೊಂಡ ಮುಚ್ಚಬಹುದಷ್ಟೇ. ಉಳಿದ ಕೂಲಿಯನ್ನು ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ಕಲಿಯುವವರು ಮೊದಲ ತಿಂಗಳು ಮರಳು ಜರಡಿ ಹಿಡಿಯಲಿ, ಆಮೇಲೆ 3 ಅಡಿ ಚೌಕದ ಮಾದರಿ ಗೋಡೆಗಳಿಗೆ 1ಕ್ಕೆ 2, 1ಕ್ಕೆ 3, 1ಕ್ಕೆ 4ರ ಗಾರೆ ಬಳಿದು ನೋಡಲಿ. ಸುಣ್ಣ ಹೆಚ್ಚಾದದ್ದು ಕುಗ್ಗಿ ಬಿರಿಯುವುದನ್ನೂ ಕಡಿಮೆಯಾದದ್ದು ಉಗುರಿಗೇ ಉದುರುವುದನ್ನೂ ಕಣ್ಣಾರೆ ಕಂಡವರು ಮರೆಯುವುದಿಲ್ಲ. ಹಳೆಯ ಗೋಡೆಗೆ ಕೈ ಹಚ್ಚುವುದು ಅದರ ನಂತರ.

ಗುತ್ತಿಗೆಯ ಕೊನೆಯ ಕಂತನ್ನು ಎರಡನೆಯ ಮಳೆಗಾಲ ಮುಗಿಯುವವರೆಗೆ ಹಿಡಿದಿಡಿ. ಅಕ್ಟೋಬರ್‌ನಲ್ಲಿ ಅದೇ 6 ಮಂದಿ ತೂಕಗುಂಡು ಹಿಡಿದು ಪಾಗಾರದ ಉದ್ದಕ್ಕೂ ನಡೆದು, ಎಲ್ಲಿ ಉಬ್ಬಿದೆ, ಎಲ್ಲಿ ಗಾರೆ ಎದ್ದಿದೆ, ಪುಷ್ಕರಣಿಯ ನೀರು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂದು ಬರೆದು ಸಹಿ ಹಾಕಿದ ಮೇಲೆಯೇ ಬಿಲ್ಲು ಪಾಸಾಗಲಿ. ಬರುವ ವರ್ಷದ ಅಂದಾಜುಪಟ್ಟಿ ಬರೆಯುತ್ತಿರುವ ಇಂಜಿನಿಯರರೂ ಆಡಳಿತ ಮಂಡಳಿಯವರೂ ಅದರ ಮೊದಲ ಸಾಲಿನಲ್ಲಿ ಸುಣ್ಣದ ಹೊಂಡವನ್ನು ಸೇರಿಸಬೇಕೆಂದು ಕೋರುತ್ತೇವೆ. ಎರಡು ಹೊಂಡ, ತಲಾ 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಆಳ, ಮೇ ಮೊದಲ ವಾರದೊಳಗೆ.

– ಹಳೆಯ ತೋಟ, ಕೆರೆಗಳ ದುರಸ್ತಿಯಲ್ಲಿ ತೊಡಗಿರುವ ಕೆಲಸಗಾರರು, ಶಿರಸಿ